ವ್ಯಕ್ತಿಗೋ, ಪಕ್ಷಕ್ಕೋ? – ಚುನಾವಣೆ, ಸರಕಾರ ಮತ್ತು ನಾವು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ರಾಜ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣ ಹತ್ತನೇ ತರಗತಿಯ ಒಬ್ಬ ಹುಡುಗಿ. ಕಳೆದ ವರ್ಷ ಕನ್ನಡ ಪ್ರಬಂಧಕ್ಕೆ 'ಪ್ರಜಾಪ್ರಭುತ್ವ' ಎಂಬ ವಿಷಯ ಕೊಟ್ಟಿದ್ದೆ. ಎಲ್ಲರೂ ಪುಸ್ತಕದಲ್ಲಿದ್ದುದನ್ನು ಚೆನ್ನಾಗಿ ಬರೆದರು. ಆ ಹುಡುಗಿ ಕೊನೆಯಲ್ಲಿ ಒಂದು ಪ್ರಶ್ನೆ ಬರೆದಿದ್ದಳು: "ಸರ್, ನಾವು ಮತ ಹಾಕುವುದು ವ್ಯಕ್ತಿಗೋ, ಪಕ್ಷಕ್ಕೋ? ನಮ್ಮ ಮನೆಯಲ್ಲಿ ಎಲ್ಲರೂ ಬೇರೆ ಬೇರೆ ಹೇಳುತ್ತಾರೆ." ನಾನು ಅಂಚಿನಲ್ಲಿ 'ಒಳ್ಳೆಯ ಪ್ರಶ್ನೆ' ಎಂದು ಬರೆದು ಅಂಕ ಕೊಟ್ಟೆ. ಉತ್ತರ ಕೊಡಲಿಲ್ಲ. ಇಂದಿನ ಈ ಮಾತು ಆ ಉತ್ತರ ಎಂದು ತಿಳಿಯಿರಿ.

ಪಕ್ಷ ಎಂದರೇನು?

ಮೊದಲಿಗೆ ನನ್ನ ವಿಷಯವಾದ ಭಾಷೆಯಿಂದಲೇ ಆರಂಭಿಸುತ್ತೇನೆ. ಕನ್ನಡದಲ್ಲಿ 'ಪಕ್ಷ' ಎಂದರೆ ರೆಕ್ಕೆ. ರೆಕ್ಕೆ ಇರುವುದರಿಂದಲೇ ಹಕ್ಕಿಗೆ 'ಪಕ್ಷಿ' ಎಂಬ ಹೆಸರು. ಒಂದೇ ರೆಕ್ಕೆಯಿಂದ ಹಕ್ಕಿ ಹಾರುವುದಿಲ್ಲ. ಹಾಗೆಯೇ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಇದ್ದರೆ ಮಾತ್ರ ಶಾಸನಸಭೆ ನಡೆಯುತ್ತದೆ.

ಒಂದೇ ರೀತಿಯ ವಿಚಾರವುಳ್ಳ ಜನರು ಸೇರಿ, ತಮ್ಮ ಕಾರ್ಯಕ್ರಮವನ್ನು ಜನರ ಮುಂದಿಟ್ಟು, ಚುನಾವಣೆಯಲ್ಲಿ ಗೆದ್ದು ಅಧಿಕಾರ ನಡೆಸಲು ಕಟ್ಟಿಕೊಂಡ ಸಂಘಟನೆಯೇ ರಾಜಕೀಯ ಪಕ್ಷ. ಆಶ್ಚರ್ಯದ ಸಂಗತಿ ಏನೆಂದರೆ, 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದಾಗ ಅದರಲ್ಲಿ ರಾಜಕೀಯ ಪಕ್ಷಗಳ ಬಗ್ಗೆ ಏನೂ ಹೇಳಿರಲಿಲ್ಲ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿ ಸೇರಿದಾಗ ಮಾತ್ರ ಪಕ್ಷ ಎಂಬುದು ಸಂವಿಧಾನದ ಒಳಗೆ ಬಂತು. ಅದೂ ಹೇಗೆ? ಪಕ್ಷ ಬಿಟ್ಟು ಓಡುವವರನ್ನು ತಡೆಯುವ ಕಾನೂನಿನ ರೂಪದಲ್ಲಿ!

ಇಂದು ಯಾವುದೇ ಪಕ್ಷ ಚುನಾವಣಾ ಆಯೋಗದಲ್ಲಿ ನೋಂದಣಿಯಾಗಬೇಕಾದರೆ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ ಇರುತ್ತದೆಂದು ತನ್ನ ನಿಯಮಾವಳಿಯಲ್ಲೇ ಬರೆದು ಕೊಡಬೇಕು. ಎಲ್ಲ ಪಕ್ಷಗಳೂ ಈ ಮಾತನ್ನು ಬರೆದು ಕೊಟ್ಟಿವೆ. ಅದನ್ನು ನೆನಪಿಸುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ ಎಂಬುದನ್ನು ನಾವು ಮರೆಯಬಾರದು.

ಮತಗಟ್ಟೆಯಲ್ಲಿ ನಾನು ಕಂಡದ್ದು

ಪಕ್ಷಗಳೆಂದರೆ ಬಾವುಟ, ಮೈಕ್, ಮೆರವಣಿಗೆ ಎಂದು ನಾವು ತಿಳಿದುಕೊಂಡಿದ್ದೇವೆ. ಶಿಕ್ಷಕರಾದ ನಮಗೆ ಚುನಾವಣಾ ಕರ್ತವ್ಯ ಬರುವುದರಿಂದ ಇನ್ನೊಂದು ಮುಖವೂ ಕಾಣುತ್ತದೆ. 2023ರ ಮೇ 10ರಂದು ವಿಧಾನಸಭಾ ಚುನಾವಣೆ. ನೇತ್ರಾವತಿ ಸೇತುವೆಯ ಆಚೆಗಿನ ಒಂದು ಶಾಲೆಯಲ್ಲಿ ನಾನು ಮತಗಟ್ಟೆ ಅಧಿಕಾರಿಯಾಗಿದ್ದೆ. ಬೆಳಿಗ್ಗೆ 7 ಗಂಟೆಗೆ ಮತದಾನ ಆರಂಭವಾಗುವ ಮೊದಲೇ ಅಣಕು ಮತದಾನ ನಡೆಯುತ್ತದೆ. ಅಭ್ಯರ್ಥಿಗಳ ಏಜೆಂಟರ ಎದುರಿನಲ್ಲಿ ಕನಿಷ್ಠ 50 ಮತ ಒತ್ತಿ, ಎಣಿಸಿ, ಯಂತ್ರ ಸರಿಯಿದೆ ಎಂದು ತೋರಿಸಿ, ಅದನ್ನು ಅಳಿಸಿ, ಮೊಹರು ಮಾಡಬೇಕು. ಸಂಜೆ ಒಟ್ಟು ಎಷ್ಟು ಮತ ಬಿತ್ತು ಎಂಬ ಲೆಕ್ಕವನ್ನು 17ಸಿ ನಮೂನೆಯಲ್ಲಿ ಬರೆದು ಪ್ರತಿಯೊಬ್ಬ ಏಜೆಂಟರಿಗೂ ಪ್ರತಿ ಕೊಡಬೇಕು. ಈ ಏಜೆಂಟರು ಇಲ್ಲದೆ ಹೋದರೆ ಮತದಾನದ ಮೇಲೆ ಜನರ ಪರವಾಗಿ ಕಣ್ಣಿಡುವವರು ಯಾರು? ಆ ಕಣ್ಣು ಪಕ್ಷಗಳದ್ದು.

ಅಂದು ಒಂದೇ ಬೆಂಚಿನಲ್ಲಿ ಮೂರು ಪಕ್ಷದ ಏಜೆಂಟರು ಕೂತಿದ್ದರು. ಒಬ್ಬರು ತಂದ ಫ್ಲಾಸ್ಕಿನ ಚಹಾವನ್ನು ಮೂವರೂ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಬುರ್ಖಾ ತೊಟ್ಟ ಒಬ್ಬ ವೃದ್ಧೆ ಬಂದರು. ಮತದಾರರ ಪಟ್ಟಿಯಲ್ಲಿ ಹೆಸರಿನ ಕಾಗುಣಿತ ಒಂದು ರೀತಿ, ಗುರುತಿನ ಚೀಟಿಯಲ್ಲಿ ಇನ್ನೊಂದು ರೀತಿ. ಒಬ್ಬ ಏಜೆಂಟರು ಆಕ್ಷೇಪ ಎತ್ತಿದರು. ಆಕ್ಷೇಪ ಎತ್ತುವವರು 2 ರೂಪಾಯಿ ಕಟ್ಟಬೇಕು, ಆಮೇಲೆ ವಿಚಾರಣೆ ಎಂಬುದು ನಿಯಮ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಂದು ಪಕ್ಷದ ಏಜೆಂಟರು, "ಇವರು ನಮ್ಮ ಹಿಂದಿನ ಮನೆಯವರು, ಮೂವತ್ತು ವರ್ಷದಿಂದ ಬಲ್ಲೆ, ಸುಮ್ಮನಿರಿ ಮಾರಾಯ್ರೆ" ಎಂದರು. ಆಕ್ಷೇಪ ಅಲ್ಲಿಗೆ ನಿಂತಿತು. ನಿಜ ಹೇಳಬೇಕೆಂದರೆ, ಆ ಪಕ್ಷದವರು ಆ ಅಜ್ಜಿಯ ಪರವಾಗಿ ಮಾತನಾಡಿಯಾರು ಎಂದು ನಾನು ಎಣಿಸಿರಲಿಲ್ಲ. ನನ್ನ ಎಣಿಕೆಗೆ ನನಗೇ ನಾಚಿಕೆಯಾಯಿತು. ಪಕ್ಷ ಎಂದರೆ ದಿಲ್ಲಿಯ, ಬೆಂಗಳೂರಿನ ನಾಯಕರು ಮಾತ್ರವಲ್ಲ. ನಮ್ಮ ಹಿಂದಿನ ಮನೆಯವರೂ ಹೌದು.

ಇನ್ನು ಮತಯಂತ್ರವನ್ನು ನೋಡಿ. ಅದರಲ್ಲಿ ಅಭ್ಯರ್ಥಿಯ ಹೆಸರೂ ಇದೆ, 2015ರಿಂದೀಚೆಗೆ ಭಾವಚಿತ್ರವೂ ಇದೆ, ಪಕ್ಷದ ಚಿಹ್ನೆಯೂ ಇದೆ. ಹೆಸರುಗಳ ಅನುಕ್ರಮದಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ನಂತರ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು. ಓದು ಬಾರದವರೂ ಮತ ಹಾಕಲಿ ಎಂದು 1951-52ರ ಮೊದಲ ಮಹಾ ಚುನಾವಣೆಯಲ್ಲೇ ಚಿಹ್ನೆಗಳನ್ನು ತಂದರು. ಅಂದರೆ ಮತದಾರನು ಒತ್ತುವ ಆ ಒಂದು ಗುಂಡಿಯಲ್ಲಿ ವ್ಯಕ್ತಿಯೂ ಇದ್ದಾನೆ, ಪಕ್ಷವೂ ಇದೆ.

ಸರಕಾರದಲ್ಲಿ ಪಕ್ಷದ ಪಾತ್ರ

ಮತ ಎಣಿಕೆ ಮುಗಿದ ಮೇಲೆ ಏನಾಗುತ್ತದೆ? ಕರ್ನಾಟಕ ವಿಧಾನಸಭೆಯಲ್ಲಿ 224 ಸ್ಥಾನಗಳು. ಬಹುಮತಕ್ಕೆ 113 ಬೇಕು. 224 ಮಂದಿ ಒಬ್ಬೊಬ್ಬರಾಗಿ ಬೇರೆ ಬೇರೆ ನಿಂತರೆ ಸರಕಾರ ರಚನೆ ಆಗುವುದೇ ಇಲ್ಲ. ಅವರನ್ನು ಒಟ್ಟುಗೂಡಿಸುವುದು ಪಕ್ಷ. 2023ರಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಸ್ಥಾನ ಬಂದವು, ಸರಕಾರ ಕೂಡಲೇ ರಚನೆಯಾಯಿತು. 2018ರಲ್ಲಿ ಯಾರಿಗೂ 113 ಬರಲಿಲ್ಲ. 104 ಸ್ಥಾನ ಗೆದ್ದ ಬಿಜೆಪಿಯ ಯಡಿಯೂರಪ್ಪನವರು ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆ ಕೊಟ್ಟರು. ಆಮೇಲೆ ಜೆಡಿಎಸ್ ಮತ್ತು ಕಾಂಗ್ರೆಸ್ ಸೇರಿ ಕುಮಾರಸ್ವಾಮಿಯವರ ಸರಕಾರ ಬಂತು.

ಬಹುಮತವನ್ನು ಎಲ್ಲಿ ಎಣಿಸಬೇಕು ಎಂಬ ಪಾಠವನ್ನು ಇಡೀ ದೇಶಕ್ಕೆ ಕಲಿಸಿದ್ದು ನಮ್ಮ ರಾಜ್ಯವೇ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳ ಆಧಾರದಲ್ಲಿ ಎಸ್.ಆರ್. ಬೊಮ್ಮಾಯಿಯವರ ಜನತಾ ದಳ ಸರಕಾರವನ್ನು ವಜಾ ಮಾಡಲಾಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವರಿಗೆ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದು ಸ್ಪಷ್ಟಪಡಿಸಿತು. ಇಂದು ಯಾವ ರಾಜ್ಯದಲ್ಲಿ ಬಿಕ್ಕಟ್ಟು ಬಂದರೂ ವಕೀಲರು ಮೊದಲು ಹೇಳುವ ಹೆಸರು 'ಬೊಮ್ಮಾಯಿ ಪ್ರಕರಣ'.

ಸರಕಾರ ನಡೆಸುವವರು ಮಂತ್ರಿಗಳು. 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲ ಸದನದ ಬಲದ ಶೇಕಡಾ 15ನ್ನು ಮೀರಬಾರದು. ಆದ್ದರಿಂದ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಉಳಿದ ಆಡಳಿತ ಪಕ್ಷದ ಶಾಸಕರು ಪಕ್ಷದ 'ವಿಪ್' ಬಂದಾಗ ಅದರಂತೆ ಮತ ಹಾಕಬೇಕು. ಹಾಕದಿದ್ದರೆ ಸದಸ್ಯತ್ವಕ್ಕೇ ಕುತ್ತು. ಇದನ್ನು ವಿದ್ಯಾರ್ಥಿಗಳು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ನೀವು ಎಷ್ಟೇ ಸಜ್ಜನ ವ್ಯಕ್ತಿಯನ್ನು ಆರಿಸಿ ಕಳುಹಿಸಿದರೂ, ವಿಪ್ ಬಂದ ದಿನ ಆತ ತನ್ನ ಪಕ್ಷ ಹೇಳಿದಂತೆ ಕೈ ಎತ್ತಬೇಕಾಗುತ್ತದೆ. 'ವ್ಯಕ್ತಿ ಒಳ್ಳೆಯವನಾದರೆ ಸಾಕು' ಎಂಬ ಮಾತು ಅರ್ಧ ಮಾತ್ರ ನಿಜ.

ಈ ಪಕ್ಷಗಳ ನಡುವೆ ಎರಡೂ ಕಡೆಗೆ ಸಮನಾಗಿ ನಿಲ್ಲಬೇಕಾದವರು ಸ್ಪೀಕರ್. ಸದನದಲ್ಲಿ ಮತಗಳು ಸಮಸಮವಾದಾಗ ಮಾತ್ರ ಅವರು ಮತ ಹಾಕುತ್ತಾರೆ. ಈ ಸ್ಥಾನದ ಮಟ್ಟಿಗೆ ನಮ್ಮ ಕರಾವಳಿಯ ಹೆಸರು ದೊಡ್ಡದು. ಅವಿಭಜಿತ ದಕ್ಷಿಣ ಕನ್ನಡದವರಾದ ಕೆ.ಎಸ್. ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. 2023ರ ಮೇ ತಿಂಗಳಲ್ಲಿ ಜನಾಬ್ ಯು.ಟಿ. ಖಾದರ್ ಅವರು ವಿಧಾನಸಭೆಯ ಸ್ಪೀಕರ್ ಆಗಿ ಆಯ್ಕೆಯಾದರು. ಕರ್ನಾಟಕದಲ್ಲಿ ಆ ಪೀಠಕ್ಕೆ ಬಂದ ಮೊದಲ ಮುಸ್ಲಿಮರು ಅವರು. ನಮ್ಮವರು ಎಂಬ ಸಂತೋಷ ಸಹಜ. ಆದರೆ ಆ ಪೀಠದಲ್ಲಿ ಕೂತವರು ನಮ್ಮವರಾಗಿ ಮಾತ್ರ ಉಳಿಯುವಂತಿಲ್ಲ, ಎಲ್ಲರವರೂ ಆಗಬೇಕು. ಆ ಪೀಠದ ಗೌರವ ಇರುವುದೇ ಅದರಲ್ಲಿ.

'ರಾಜೀನಾಮೆ' ಎಂಬ ಪದದ ಕಥೆ

ಈಗ ಪಕ್ಷಾಂತರದ ವಿಷಯಕ್ಕೆ ಬರೋಣ. ಮತ್ತೆ ಒಂದು ಪದದಿಂದ ಆರಂಭಿಸುತ್ತೇನೆ. ಕನ್ನಡದ 'ರಾಜೀನಾಮೆ' ಉರ್ದುವಿನ 'ರಾಜೀನಾಮಾ'. ಆದರೆ ಉರ್ದುವಿನಲ್ಲಿ ಅದರ ಅರ್ಥ ಹುದ್ದೆ ಬಿಡುವುದು ಎಂದಲ್ಲ. ಎರಡು ಕಡೆಯವರು ರಾಜಿಯಾಗಿ ಬರೆದುಕೊಂಡ ಒಪ್ಪಿಗೆ ಪತ್ರ ಎಂದು ಅರ್ಥ. ಹುದ್ದೆ ಬಿಡುವುದಕ್ಕೆ ಉರ್ದುವಿನಲ್ಲಿ 'ಇಸ್ತೀಫಾ' ಎನ್ನುತ್ತಾರೆ.

2019ರ ಜುಲೈಯಲ್ಲಿ ಕರ್ನಾಟಕದಲ್ಲಿ ಆಡಳಿತ ಕೂಟದ ಶಾಸಕರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟರು. ಜುಲೈ 23ರಂದು 99ಕ್ಕೆ 105 ಮತಗಳಿಂದ ಸರಕಾರ ಬಿತ್ತು. 17 ಶಾಸಕರನ್ನು ಅಂದಿನ ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅವರಲ್ಲಿ ಹೆಚ್ಚಿನವರು ಹೊಸ ಚಿಹ್ನೆಯಲ್ಲಿ ನಿಂತು ಗೆದ್ದು ಬಂದರು. ಇದು ಒಂದೇ ಪಕ್ಷದ ಮಾತಲ್ಲ. 2004ರಿಂದ 2007ರವರೆಗೆ ಒಂದೇ ವಿಧಾನಸಭೆಯಲ್ಲಿ ಜೆಡಿಎಸ್ ಮೊದಲು ಕಾಂಗ್ರೆಸ್ ಜೊತೆ, ಆಮೇಲೆ ಬಿಜೆಪಿ ಜೊತೆ ಸರಕಾರ ಮಾಡಿತು. ಎರಡು ಸಲವೂ ಮತದಾರನನ್ನು ಯಾರೂ ಕೇಳಲಿಲ್ಲ.

ಶಾಸಕ ರಾಜೀನಾಮೆ ಕೊಡುವಾಗ ಮತದಾರನು 'ರಾಜಿ' ಇದ್ದಾನೋ ಇಲ್ಲವೋ ಎಂದು ಕೇಳುವವರಿಲ್ಲದಿದ್ದರೆ ಅದು ಎಂತಹ ರಾಜೀನಾಮೆ? ಪಕ್ಷದಲ್ಲಿ ಹತ್ತು ತಪ್ಪುಗಳಿರಬಹುದು. ಆದರೆ ಪಕ್ಷದ ಕಟ್ಟು ಸಡಿಲವಾದರೆ ಮತದ ಬೆಲೆಯೂ ಸಡಿಲವಾಗುತ್ತದೆ. ಅದೇ ಹೊತ್ತಿಗೆ, ಉಪಚುನಾವಣೆಯಲ್ಲಿ ಅವರನ್ನು ಗೆಲ್ಲಿಸಿದವರೂ ಮತದಾರರೇ ಎಂಬುದನ್ನು ಒಪ್ಪಿಕೊಳ್ಳಬೇಕು. ಕಾನೂನು ಒಂದು ಬಾಗಿಲು ಮುಚ್ಚಿತು, ನಾವು ಇನ್ನೊಂದು ಬಾಗಿಲು ತೆರೆದುಕೊಟ್ಟೆವು.

ಪಕ್ಷದ ಒಳಗಿದ್ದು ಮಾಡಿದ ಕೆಲಸ

'ರಾಜಕೀಯ ಕೊಳಕು, ನಮಗೇಕೆ ಅದು' ಎಂದು ಹೇಳುವವರು ನಮ್ಮಲ್ಲಿ ಬಹಳ. ಅವರಿಗೆ ಮರ್ಹೂಮ್ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ನೆನಪಿಸಬೇಕು. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂತು. ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ. ಆ ಸರಕಾರದಲ್ಲಿ ಗುಂಡ್ಲುಪೇಟೆಯ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಬರದ ಊರುಗಳಲ್ಲಿ ಕೊಳವೆ ಬಾವಿ ಕೊರೆಸಿ ಕುಡಿಯುವ ನೀರು ಕೊಟ್ಟರು. ಜನರು ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು. ಆ ನೀರನ್ನು ಕುಡಿದವರಲ್ಲಿ ಯಾವ ಜಾತಿ, ಯಾವ ಧರ್ಮದವರು ಇರಲಿಲ್ಲ?

ಅದಕ್ಕಿಂತ ದೊಡ್ಡ ಕೆಲಸ 1983ರ ಪಂಚಾಯತ್ ಕಾಯಿದೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತುಗಳಿಗೆ ಅಧಿಕಾರ ಮತ್ತು ಹಣ ಎರಡನ್ನೂ ಕೊಟ್ಟು, ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟರು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ ಎಂಬುದನ್ನು ಗಮನಿಸಿ. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿದೆ. ಒಬ್ಬರೇ ನಿಂತು ಇದನ್ನು ಮಾಡಲು ಸಾಧ್ಯವಿತ್ತೇ? ಪಕ್ಷ ಅವರಿಗೆ ಸ್ಥಾನ ಕೊಟ್ಟಿತು, ಸದನದಲ್ಲಿ ಮತಗಳನ್ನು ಕೊಟ್ಟಿತು. ಅವರು ಪಕ್ಷಕ್ಕೆ ಗೌರವ ತಂದುಕೊಟ್ಟರು. ವ್ಯಕ್ತಿ ಮತ್ತು ಪಕ್ಷ ಎರಡೂ ಸೇರಿದಾಗ ಆಗುವ ಕೆಲಸ ಇದು.

ಸರಕಾರಗಳ ತೀರ್ಮಾನ ನಮ್ಮ ಮನೆಯ ಮಕ್ಕಳವರೆಗೆ ಬರುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. 1995ರಲ್ಲಿ ದೇವೇಗೌಡರ ಜನತಾ ದಳ ಸರಕಾರದ ಕಾಲದಲ್ಲಿ ಮುಸ್ಲಿಮರಿಗೆ ಪ್ರವರ್ಗ 2ಬಿಯಲ್ಲಿ ಶೇಕಡಾ 4 ಮೀಸಲಾತಿ ಜಾರಿಗೆ ಬಂತು. ಅದರಿಂದ ಎಷ್ಟೋ ಮಂದಿ ಇಂಜಿನಿಯರು, ನರ್ಸು, ಶಿಕ್ಷಕರಾದರು. 2023ರ ಮಾರ್ಚ್‌ನಲ್ಲಿ ಅಂದಿನ ಬಿಜೆಪಿ ಸರಕಾರ ಅದನ್ನು ರದ್ದುಪಡಿಸುವ ಆದೇಶ ಹೊರಡಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ಪಕ್ಷದ ಸರಕಾರ ಕೊಟ್ಟದ್ದು, ಇನ್ನೊಂದು ಪಕ್ಷದ ಸರಕಾರ ತೆಗೆಯಹೊರಟದ್ದು. ಹೀಗಿರುವಾಗ 'ಯಾರು ಬಂದರೂ ಒಂದೇ' ಎಂದು ಹೇಳುವುದು ಹೇಗೆ?

ನಮ್ಮ ಕಡೆಯ ತಪ್ಪುಗಳು

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಮಾತಾದೀತು. ಹಿರಿಯರು ಕ್ಷಮಿಸಬೇಕು, ಎರಡು ಮಾತು ನಮ್ಮ ಬಗ್ಗೆಯೂ ಹೇಳಬೇಕಾಗಿದೆ.

ಒಂದನೆಯದಾಗಿ, ಚುನಾವಣೆಯ ಹಿಂದಿನ ರಾತ್ರಿ ನಾಲ್ಕು ಮಂದಿ ಕೂತು ಇಡೀ ಓಣಿಯ ಮತ ಇಂತಹವರಿಗೆ ಎಂದು ತೀರ್ಮಾನಿಸುವ ಪದ್ಧತಿ. ಮತ ಗುಟ್ಟಾಗಿರಬೇಕೆಂದು ಕಾನೂನು ಹೇಳುತ್ತದೆ. ಸಗಟಾಗಿ ಹೋಗುವ ಮತಕ್ಕೆ ಸಗಟು ದರವೇ ಸಿಗುತ್ತದೆ. ಒಂದು ಪಕ್ಷ 'ಇವರು ಹೇಗೂ ನಮಗೇ' ಎಂದುಕೊಳ್ಳುತ್ತದೆ, ಇನ್ನೊಂದು 'ಇವರು ಹೇಗೂ ನಮಗಲ್ಲ' ಎಂದುಕೊಳ್ಳುತ್ತದೆ. ಎರಡೂ ನಮ್ಮ ಬೀದಿಯ ಚರಂಡಿಯ ವಿಷಯ ಕೇಳುವುದಿಲ್ಲ.

ಎರಡನೆಯದಾಗಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದು. ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ ಅದು ಭ್ರಷ್ಟ ಆಚರಣೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದ ತೀರ್ಪಿನಲ್ಲಿ, ಅಭ್ಯರ್ಥಿಯ ಧರ್ಮವಾಗಲಿ ಮತದಾರನ ಧರ್ಮವಾಗಲಿ, ಯಾವುದರ ಹೆಸರಿನಲ್ಲೂ ಮತ ಕೇಳುವಂತಿಲ್ಲ ಎಂದಿತು. ಬೇರೆಯವರು ಹಾಗೆ ಕೇಳಿದಾಗ ನಮಗೆ ನೋವಾಗುತ್ತದೆ. ನಮ್ಮ ವೇದಿಕೆಯಲ್ಲಿ ಕೇಳಿದಾಗಲೂ ಅಷ್ಟೇ ನೋವಾಗಬೇಕು. ಮಂಗಳೂರಿನಂತಹ ಊರಿನಲ್ಲಿ ಈ ಮಾತಿನ ತೂಕ ನಿಮಗೆಲ್ಲ ಗೊತ್ತಿದೆ.

ಗ್ರಾಮ ಪಂಚಾಯತ್ ಚುನಾವಣೆ ಪಕ್ಷರಹಿತ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಆದರೂ ಮರುದಿನದ ಪತ್ರಿಕೆಯಲ್ಲಿ 'ಇಂತಹ ಪಕ್ಷದ ಬೆಂಬಲಿತರು ಇಷ್ಟು' ಎಂದು ಬರುತ್ತದೆ. ಅಂದರೆ ಪಕ್ಷವನ್ನು ಬಾಗಿಲಿನಿಂದ ಹೊರಗಿಟ್ಟರೆ ಕಿಟಕಿಯಿಂದ ಬರುತ್ತದೆ. ಆದ್ದರಿಂದ ಪಕ್ಷ ಬೇಡ ಎನ್ನುವುದಕ್ಕಿಂತ ಪಕ್ಷವನ್ನು ಸರಿಪಡಿಸುವುದೇ ದಾರಿ.

ವಿದ್ಯಾರ್ಥಿಗಳು ಏನು ಮಾಡಬೇಕು?

1. ಹದಿನೇಳು ವರ್ಷ ತುಂಬಿದವರು ಮತದಾರರ ಪಟ್ಟಿಗೆ ಮುಂಚಿತವಾಗಿಯೇ ನಮೂನೆ 6ರಲ್ಲಿ ಅರ್ಜಿ ಕೊಡಬಹುದು. ಮನೆಯ ಎಲ್ಲರ ಹೆಸರಿನ ಕಾಗುಣಿತವನ್ನು ನೋಡಿ. ಆ ಅಜ್ಜಿಯ ಪಾಡು ನಿಮ್ಮ ಅಜ್ಜಿಗೆ ಬರಬಾರದು.

2. ಅಭ್ಯರ್ಥಿಯ ಪ್ರಮಾಣಪತ್ರ ಓದಿ. ಆಸ್ತಿ, ಸಾಲ, ವಿದ್ಯೆ, ಕ್ರಿಮಿನಲ್ ಪ್ರಕರಣ ಎಲ್ಲವೂ ಅದರಲ್ಲಿರುತ್ತದೆ. ಪ್ರಕರಣ ಇರುವವರನ್ನು ಏಕೆ ಆರಿಸಿದಿರಿ ಎಂಬುದಕ್ಕೆ ಪಕ್ಷವೇ ಕಾರಣ ಪ್ರಕಟಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ.

3. ಖರ್ಚಿನ ಮೇಲೆ ಕಣ್ಣಿಡಿ. 2022ರಲ್ಲಿ ಕರ್ನಾಟಕದಂತಹ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷ ರೂಪಾಯಿ ಮಿತಿ ನಿಗದಿಯಾಯಿತು. ಪಕ್ಷದ ಖರ್ಚಿಗೆ ಅಂತಹ ಮಿತಿ ಇಡಲಿಲ್ಲ. ದಾನಿಗಳ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಪಡಿಸಿತು.

4. ಪ್ರಣಾಳಿಕೆ ಓದಿ. ಇದರ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಿ ಮಾತು ಮುಗಿಸುತ್ತೇನೆ.

2013ರ ಚುನಾವಣೆ. ನಾನು ಪದವಿ ವಿದ್ಯಾರ್ಥಿ. ನನ್ನ ಮೊದಲ ಮತ. ಗೆಳೆಯರ ಜೊತೆ ಜೀಪಿನಲ್ಲಿ ಬಾವುಟ ಹಿಡಿದು ಬಂದರಿನಿಂದ ಹಿಡಿದು ಊರೆಲ್ಲ ಸುತ್ತಿ, ಘೋಷಣೆ ಕೂಗಿ, ರಾತ್ರಿ ಬಿರಿಯಾನಿ ತಿಂದು ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದೆ. ಅಬ್ಬಾ ಬಂದರಿನ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಹೆಚ್ಚು ಓದಿದವರಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಬೇಟಾ, ಮೂರು ದಿನ ಕೂಗಿದೆಯಲ್ಲ, ಆ ಪಕ್ಷ ನಮ್ಮ ಬೀದಿಯ ಶಾಲೆಗೆ ಏನು ಮಾಡುತ್ತದಂತೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಾನು ಕೂಗಿದ್ದು ಏನೆಂದು ನನಗೇ ಗೊತ್ತಿರಲಿಲ್ಲ. ಅಬ್ಬಾ ಈಗಿಲ್ಲ. ಆ ಪ್ರಶ್ನೆ ಇದೆ.

ಪ್ರಬಂಧ ಬರೆದ ಆ ಹುಡುಗಿಗೆ ಈಗ ನನ್ನ ಉತ್ತರ ಇದು: ಮಗಳೇ, ಮತ ವ್ಯಕ್ತಿಗೂ ಹೋಗುತ್ತದೆ, ಪಕ್ಷಕ್ಕೂ ಹೋಗುತ್ತದೆ. ವ್ಯಕ್ತಿಯ ನಡತೆ ನೋಡು, ಪಕ್ಷದ ಮಾತು ಓದು, ಐದು ವರ್ಷ ಇಬ್ಬರನ್ನೂ ಲೆಕ್ಕ ಕೇಳು. ನಾಳೆ ನಿನಗೆ ಇಷ್ಟವಾದರೆ ಒಂದು ಪಕ್ಷದ ಸದಸ್ಯಳಾಗು. ಬೆಂಚಿನ ಮೇಲೆ ಏಜೆಂಟಳಾಗಿ ಕೂರು. ಪಕ್ಕದಲ್ಲಿ ಕೂತ ಬೇರೆ ಪಕ್ಷದವರ ಜೊತೆ ಚಹಾ ಹಂಚಿಕೋ. ನೆರೆಯವರ ಹಕ್ಕಿಗೆ ತೊಂದರೆ ಬಂದಾಗ, ಅವರು ಯಾವ ಪಕ್ಷದವರೇ ಆಗಿರಲಿ, 'ಇವರನ್ನು ನಾನು ಬಲ್ಲೆ' ಎಂದು ಎದ್ದು ಹೇಳು.

ಬಂಧುಗಳೇ, ಮುಂದಿನ ಚುನಾವಣೆಯಲ್ಲಿ ಯಾವ ಪಕ್ಷದವರು ನಿಮ್ಮ ಮನೆಗೆ ಬಂದರೂ ಗೌರವದಿಂದ ಕೂರಿಸಿ, ನೀರು ಕೊಟ್ಟು, ಆ ಒಂದು ಪ್ರಶ್ನೆಯನ್ನು ಕೇಳಿ: "ನಮ್ಮ ಬೀದಿಯ ಶಾಲೆಗೆ ನಿಮ್ಮ ಪಕ್ಷ ಏನು ಮಾಡುತ್ತದೆ?" ಉತ್ತರ ಕೊಡುವವರೆಗೆ ಬಿಡಬೇಡಿ.